ಕೋಡಿ ಊರಿನಲ್ಲಿ ಬೈಸನ್ ಬೆನ್ನು ಹಿಡಿದು

ಯೆಲ್ಲೊಸ್ಟೋನ್ ನೋಡಲು ಹೋಗುವ ನಮ್ಮವರಲ್ಲಿ ಬಹಳಷ್ಟು ಮಂದಿ ಪಶ್ಚಿಮದ ಬಾಗಿಲಿನಿಂದಲೋ ದಕ್ಷಿಣದ ಬಾಗಿಲಿನಿಂದಲೋ ಒಳಹೊಕ್ಕು, ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ಚಿಮ್ಮುವುದನ್ನು ಕಣ್ತುಂಬಿಕೊಂಡು ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ನಾನು ಹೇಳಹೊರಟಿರುವುದು ಪೂರ್ವದ ಬಾಗಿಲಿನ ದಾರಿ. ಆ ಬಾಗಿಲಿನಿಂದ 84 ಕಿ.ಮೀ. ಇಳಿದರೆ ವಯೋಮಿಂಗ್ ರಾಜ್ಯದ ಕೋಡಿ ಎಂಬ ಊರು. ಹತ್ತು ಸಾವಿರದಷ್ಟು ಜನ, ಉದ್ದನೆಯ ಒಂದು ಪೇಟೆಬೀದಿ, ಸುತ್ತ ಬೂದು ಬಣ್ಣದ ಸೇಜ್ ಪೊದೆಗಳ ಬೆಂಗಾಡು. ಬಿಳಿಯರ ನೆಲೆಗಳು ಪಶ್ಚಿಮಕ್ಕೆ ಚಾಚುತ್ತ ಹೋದ, ಅಮೆರಿಕನ್ನರು ಫ್ರಾಂಟಿಯರ್ ಎನ್ನುವ ಸೀಮೆಯ ಕಾಡುಪ್ರಾಣಿ, ಕಲೆ, ಚರಿತ್ರೆ ಮೂರನ್ನೂ ಒಂದೇ ಕಡೆ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ.

ದಾರಿಯೇ ಅರ್ಧ ಪಾಠ ಹೇಳಿಬಿಡುತ್ತದೆ. ಎಂಟೂವರೆ ಸಾವಿರ ಅಡಿ ಎತ್ತರದ ಸಿಲ್ವನ್ ಪಾಸ್ ದಾಟಿದ ಮೇಲೆ ರಸ್ತೆ ಶೊಶೋನಿ ನದಿಯ ಉತ್ತರ ಕವಲಿನ ಜೊತೆಜೊತೆಗೇ ಇಳಿಯುತ್ತದೆ. ಎರಡೂ ಬದಿಗೆ ಜ್ವಾಲಾಮುಖಿಯ ಕಲ್ಲು ಗಾಳಿ ಮಳೆಗೆ ಸವೆದು ಕಂಬ, ಗೋಪುರ, ಕಿಂಡಿಗಳಾಗಿ ನಿಂತಿದೆ. ಪೈನ್ ಕಾಡು ತೆಳುವಾಗುತ್ತ ಹೋಗಿ ಹುಲ್ಲು ಬರುತ್ತದೆ, ಹುಲ್ಲು ಮುಗಿದು ಸೇಜ್ ಪೊದೆ ಬರುತ್ತದೆ. ವಾಪಿಟಿ ಕಣಿವೆ ದಾಟಿದರೆ ದೊಡ್ಡ ಜಲಾಶಯ, ಆಮೇಲೆ ಬಂಡೆ ಕೊರೆದ ಸುರಂಗಗಳು. ಅಲ್ಲಿ ಇಕ್ಕಟ್ಟಾದ ಕಮರಿಗೆ ಅಡ್ಡವಾಗಿ ಬಫಲೊ ಬಿಲ್ ಅಣೆಕಟ್ಟು ನಿಂತಿದೆ. 325 ಅಡಿ ಎತ್ತರ. 1910ರಲ್ಲಿ ಕಟ್ಟಿ ಮುಗಿಸಿದಾಗ ಜಗತ್ತಿನಲ್ಲಿ ಇದಕ್ಕಿಂತ ಎತ್ತರದ ಅಣೆಕಟ್ಟು ಇರಲಿಲ್ಲ.

ಬೈಸನ್ ಬೇಟೆಯಿಂದ, ಆಮೇಲೆ ಊರೂರು ಸುತ್ತಿದ ಬಯಲು ಪ್ರದರ್ಶನದಿಂದ ಹೆಸರಾದ ವಿಲಿಯಂ ಎಫ್. ಕೋಡಿ, ಅಂದರೆ ಬಫಲೊ ಬಿಲ್, 1890ರ ದಶಕದಲ್ಲಿ ಕೆಲವು ಪಾಲುದಾರರ ಜೊತೆ ಸೇರಿ ಈ ಊರು ಕಟ್ಟಿಸಿದ. ನದಿಯಿಂದ ಕಾಲುವೆ ತೋಡಿಸಿ, ಬೆಂಗಾಡನ್ನು ಹೊಲ ಮಾಡಿ ಮಾರುವುದು ಅವರ ಎಣಿಕೆ. ಹಣ ಸಾಲದೆ ಆ ಕೆಲಸ ಕೊನೆಗೆ ಕೇಂದ್ರ ಸರ್ಕಾರದ ಪಾಲಾಯಿತು. ಮಗಳ ಹೆಸರಿನಲ್ಲಿ ಅವನು 1902ರಲ್ಲಿ ತೆರೆದ ಇರ್ಮಾ ಹೋಟೆಲ್ ಪೇಟೆಬೀದಿಯಲ್ಲಿ ಇಂದಿಗೂ ನಡೆಯುತ್ತಿದೆ. ಊರಿನ ಪಶ್ಚಿಮದ ಅಂಚಿನಲ್ಲಿ ಅವನದೇ ಕಂಚಿನ ಪ್ರತಿಮೆ: ಕುದುರೆ ಲಗಾಮು ಎಳೆದು ನಿಲ್ಲಿಸಿ, ನೆಲದ ಮೇಲಿನ ಹೆಜ್ಜೆಗುರುತು ನೋಡುತ್ತ, ಒಂದು ಕೈಯಲ್ಲಿ ಕೋವಿ ಮೇಲೆತ್ತಿ ಹಿಂದಿನವರಿಗೆ ಸನ್ನೆ ಮಾಡುತ್ತಿದ್ದಾನೆ. ಕೆತ್ತಿದವರು ಗರ್ಟ್ರೂಡ್ ವಾಂಡರ್‌ಬಿಲ್ಟ್ ವಿಟ್ನಿ, ಮುಂದೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಸ್ಥಾಪಿಸಿದವರು. ಕುದುರೆಯ ಮೈಕಟ್ಟು ತಪ್ಪಬಾರದೆಂದು ಈ ಸೀಮೆಯ ಕುದುರೆಯೊಂದನ್ನೇ ನ್ಯೂಯಾರ್ಕಿಗೆ ತರಿಸಿಕೊಂಡಿದ್ದರು. 1924ರ ಜುಲೈ 4ರಂದು ಪ್ರತಿಮೆ ಅನಾವರಣಗೊಂಡಿತು. ಸುತ್ತಲಿನ ಜಮೀನನ್ನೂ ಅವರೇ ಕೊಟ್ಟರು. ಮೂರು ವರ್ಷದ ಮೇಲೆ, 1927ರಲ್ಲಿ, ಮರದ ದಿಮ್ಮಿಗಳ ಒಂದು ಮನೆಯಲ್ಲಿ ಬಫಲೊ ಬಿಲ್ ಮ್ಯೂಸಿಯಂ ಶುರುವಾಯಿತು.

ಆ ದಿಮ್ಮಿಮನೆಯ ಮೊಳಕೆಯೇ ಇಂದಿನ ಬಫಲೊ ಬಿಲ್ ಸೆಂಟರ್ ಆಫ್ ದ ವೆಸ್ಟ್. ಒಂದೇ ಸೂರಿನಡಿ ಐದು ಮ್ಯೂಸಿಯಂ: ನಿಸರ್ಗ ಚರಿತ್ರೆಯದು, ಬಯಲುಸೀಮೆಯ ಮೂಲನಿವಾಸಿಗಳದು, ಬಂದೂಕುಗಳದು, ಬಫಲೊ ಬಿಲ್‌ನದು, ಪಶ್ಚಿಮದ ಚಿತ್ರಕಲೆಯದು. ಟಿಕೆಟ್ಟು ಎರಡು ದಿನಕ್ಕೆ ಸಲ್ಲುತ್ತದೆ, ಎರಡು ದಿನವೂ ಬೇಕು. ಸಿಕ್ಕಸಿಕ್ಕ ಬಾಗಿಲಿಗೆ ನುಗ್ಗಿದರೆ ಎಲ್ಲವೂ ಕಲಸಿಹೋಗುತ್ತದೆ. ಹಾಗಾಗಿ ಒಂದೇ ಪ್ರಾಣಿಯ ಬೆನ್ನು ಹಿಡಿದು ಎಲ್ಲ ಕೋಣೆಗಳನ್ನೂ ಹಾದುಬರುವುದೆಂದು ನಿಶ್ಚಯಿಸಿಕೊಂಡೆ. ಆ ಪ್ರಾಣಿ ಬೈಸನ್. ಇಲ್ಲಿಯವರ ಬಾಯಲ್ಲಿ ಬಫಲೊ. ಬಿಳಿಯರು ಬರುವ ಮುಂಚೆ ಉತ್ತರ ಅಮೆರಿಕದಲ್ಲಿ ಮೂರರಿಂದ ಆರು ಕೋಟಿ ಬೈಸನ್‌ಗಳಿದ್ದವೆಂದು ಅಂದಾಜು. 1880ರ ದಶಕ ಮುಗಿಯುವ ಹೊತ್ತಿಗೆ ಸಾವಿರವೂ ಉಳಿದಿರಲಿಲ್ಲ. ನಡುವೆ ಏನಾಯಿತೆಂಬುದನ್ನು ಈ ಐದು ಮ್ಯೂಸಿಯಂಗಳೂ ಹೇಳುತ್ತವೆ, ಒಂದೊಂದೂ ತನ್ನ ತನ್ನ ರೀತಿಯಲ್ಲಿ.

ಮೊದಲು ಡ್ರೇಪರ್ ನಿಸರ್ಗ ಚರಿತ್ರೆ ಮ್ಯೂಸಿಯಂ. 2002ರಲ್ಲಿ ತೆರೆದದ್ದು. ಇಲ್ಲಿ ಮೇಲಿನಿಂದ ಪ್ರವೇಶ. ಸುರುಳಿ ಸುತ್ತುವ ಇಳಿಜಾರು ದಾರಿ ಮರವೇ ಬೆಳೆಯದ ಬೆಟ್ಟದ ನೆತ್ತಿಯಿಂದ ಹೊರಟು ಕಾಡು, ಹುಲ್ಲುಮಾಳಗಳನ್ನು ಹಾದು ಬಯಲಿಗೆ ಇಳಿಸುತ್ತದೆ. ರಸ್ತೆಯಲ್ಲಿ ಕಾರಿನ ಗಾಜಿನಾಚೆ ಸರ್ರನೆ ಹಾದುಹೋದದ್ದನ್ನೆಲ್ಲ ಇಲ್ಲಿ ನಿಂತು ನೋಡಬಹುದು. ಗ್ರಿಜ್ಲಿ ಕರಡಿ, ಎಲ್ಕ್ ಜಿಂಕೆ, ಬಿಗ್‌ಹಾರ್ನ್ ಕುರಿ, ತೋಳ ಎಲ್ಲವೂ ಅವುಗಳ ನೆಲೆಯ ಎತ್ತರದಲ್ಲೇ ಎದುರಾಗುತ್ತವೆ. ದಾರಿ ಮುಗಿಯುವುದು ಯೆಲ್ಲೊಸ್ಟೋನ್ ಸೀಮೆಯ ದೊಡ್ಡ ನಕ್ಷೆಯ ಮೇಲೆ. ಬಣ್ಣದ ಬಿಲ್ಲೆಗಳನ್ನು ನೆಲಕ್ಕೆ ಜೋಡಿಸಿ ಮಾಡಿದ್ದು. ಮಕ್ಕಳು ಅದರ ಮೇಲೆ ನದಿಗಳನ್ನು ಹಿಡಿದು ಓಡುತ್ತಾರೆ.

ತೋಳದ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಯೆಲ್ಲೊಸ್ಟೋನ್‌ನಲ್ಲಿ ಸರ್ಕಾರವೇ ತೋಳಗಳನ್ನು ಕೊಲ್ಲಿಸಿ 1926ರ ಹೊತ್ತಿಗೆ ನಿರ್ನಾಮ ಮಾಡಿತ್ತು. ಸುಮಾರು ಎಪ್ಪತ್ತು ವರ್ಷದ ಮೇಲೆ, 1995 ಮತ್ತು 1996ರಲ್ಲಿ, ಅದೇ ಸರ್ಕಾರ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟಿತು. ಮಂದೆ ಕಟ್ಟಿಕೊಂಡು ಬದುಕುವ ಸುತ್ತಲಿನ ರಾಂಚ್‌ಗಳವರಿಗೆ ಇದು ಇಂದಿಗೂ ಕೆಂಡದಂಥ ವಿಷಯ. ಅವರ ಮಾತಿಗೂ ಇಲ್ಲಿ ಜಾಗ ಕೊಟ್ಟಿರುವುದು ನನಗೆ ಹಿಡಿಸಿತು. ಈ ಮ್ಯೂಸಿಯಂ ಬರೀ ತೊಗಲು ತುಂಬಿಟ್ಟ ಪ್ರಾಣಿಗಳ ಮನೆಯೂ ಅಲ್ಲ. ಇಲ್ಲಿಯ ವಿಜ್ಞಾನಿಗಳು 2009ರಿಂದ ಸುತ್ತಲಿನ ಬಿಗ್‌ಹಾರ್ನ್ ಬೇಸಿನ್‌ನಲ್ಲಿ ಗೋಲ್ಡನ್ ಈಗಲ್ ಹದ್ದುಗಳ ಗೂಡುಗಳ ಮೇಲೆ ಕಣ್ಣಿಟ್ಟಿದ್ದಾರೆ. ಸೇಜ್ ಪೊದೆಯಡಿಯ ಕಾಟನ್‌ಟೇಲ್ ಮೊಲಗಳು ಹೆಚ್ಚಿದ ವರ್ಷ ಹದ್ದಿನ ಮರಿಗಳೂ ಹೆಚ್ಚು. ಮೊಲ ಕುಗ್ಗಿದರೆ ಗೂಡೂ ಬರಿದು. ಅಂಗಳದಲ್ಲಿ ಕೈಗವಸಿನ ಮೇಲೆ ಗೂಬೆಯನ್ನೋ ಗಿಡುಗವನ್ನೋ ಕೂರಿಸಿಕೊಂಡು ಸಿಬ್ಬಂದಿ ಮಾತಾಡುತ್ತಾರೆ. ಗಾಯಗೊಂಡು ಮತ್ತೆ ಕಾಡಿಗೆ ಹೋಗಲಾಗದ ಹಕ್ಕಿಗಳು ಅವು.

ಬಯಲಿಗೆ ಇಳಿದಾಗ ಬೈಸನ್. ಗಂಡು 900 ಕಿಲೊವರೆಗೂ ತೂಗುತ್ತದೆ. ಭುಜದ ಮೇಲಿನ ಗುಡ್ಡದಂಥ ಉಬ್ಬು ಬರೀ ಕೊಬ್ಬಲ್ಲ, ಆ ಭಾರದ ತಲೆಯನ್ನು ಎತ್ತಿಹಿಡಿಯುವ ಮೂಳೆ ಮತ್ತು ಸ್ನಾಯು; ಚಳಿಗಾಲದಲ್ಲಿ ಆ ತಲೆಯಿಂದಲೇ ಹಿಮವನ್ನು ಅತ್ತಿತ್ತ ತಳ್ಳಿ ಅಡಿಯ ಹುಲ್ಲು ಮೇಯುತ್ತದೆ. ಮಣ್ಣಿನಲ್ಲಿ ಹೊರಳಿ ಹೊರಳಿ ಅದು ಮಾಡಿದ ತಗ್ಗುಗಳಲ್ಲಿ ಮಳೆನೀರು ನಿಂತು ಬೇರೆಯದೇ ಗಿಡ, ಕಪ್ಪೆ, ಕೀಟಗಳು ಬೆಳೆಯುತ್ತವೆ. ಹಾಗೆ ಬಯಲು ಎಂಬುದನ್ನು ಅರ್ಧ ಕಟ್ಟಿದ್ದೇ ಈ ಪ್ರಾಣಿ.

ಇಲ್ಲಿ ವಿಲಿಯಂ ಹಾರ್ನಡೇಯನ್ನು ನೆನೆಯದೆ ಮುಂದೆ ಹೋಗಲಾರೆ. 1870ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದು ಆನೆಮಲೆಯ ಕಾಡುಗಳಲ್ಲಿ ಮ್ಯೂಸಿಯಂಗಳಿಗಾಗಿ ಪ್ರಾಣಿಗಳನ್ನು ಹೊಡೆದು ತೊಗಲು ಸಂಗ್ರಹಿಸಿದವನು ಈತ. 1886ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗಾಗಿ ಮೊಂಟಾನಾಕ್ಕೆ ಹೋಗಿ, ಅಳಿದುಳಿದ ಬೈಸನ್‌ಗಳಲ್ಲೇ ಕೆಲವನ್ನು ಕೊಂದು ತಂದ. ಮುಂದಿನ ಪೀಳಿಗೆಗೆ ತೋರಿಸಲು ತೊಗಲಾದರೂ ಇರಲಿ ಎಂಬುದು ಆಗಿನ ತರ್ಕ. ಬಯಲಿನಲ್ಲಿ ಕಂಡ ಮೂಳೆಗಳ ರಾಶಿ ಅವನ ಮನಸ್ಸನ್ನು ತಿರುಗಿಸಿತು. 1889ರಲ್ಲಿ ಬೈಸನ್ ನಿರ್ನಾಮದ ಬಗ್ಗೆ ವರದಿ ಬರೆದ, 1905ರಲ್ಲಿ ಅಮೆರಿಕನ್ ಬೈಸನ್ ಸೊಸೈಟಿ ಕಟ್ಟಿದವರಲ್ಲಿ ಒಬ್ಬನಾದ. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ಒಕ್ಲಹೋಮಾದ ಬಯಲಿಗೆ ಕಳಿಸಿದ. ಪೂರ್ವದ ಮಹಾನಗರವೊಂದರಿಂದ ಬೈಸನ್ ಪಶ್ಚಿಮಕ್ಕೆ ಮರಳಬೇಕಾಯಿತು ಎಂಬಲ್ಲಿಗೆ ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದು ತಿಳಿಯಬಹುದು.

ಪಕ್ಕದ್ದು ಪ್ಲೇನ್ಸ್ ಇಂಡಿಯನ್ ಮ್ಯೂಸಿಯಂ, 1979ರದು. ಇಡೀ ಕೇಂದ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಜಾಗ. ಕ್ರೋ, ಲಕೋಟ, ಶೈಯೆನ್, ಶೊಶೋನಿ, ಅರಪಾಹೊ, ಬ್ಲ್ಯಾಕ್‌ಫೀಟ್ ಮೊದಲಾದ ಬುಡಕಟ್ಟುಗಳ ಬದುಕು ಇಲ್ಲಿದೆ. ಏನನ್ನು ಹೇಗೆ ಇಡಬೇಕೆಂದು ಹೇಳಲು ಆ ಬುಡಕಟ್ಟುಗಳವರೇ ಇರುವ ಸಲಹಾ ಮಂಡಳಿಯಿದೆ. ಬೈಸನ್ ಇಲ್ಲಿ ಮನೆಯಾಗುತ್ತದೆ. ಹತ್ತು ಹದಿನೈದು ತೊಗಲು ಸೇರಿಸಿ ಹೊಲಿದರೆ ಒಂದು ಟೀಪಿ ಗುಡಾರ. ಹೊಲಿಯುವವರು ಹೆಂಗಸರು, ಗುಡಾರದ ಒಡತಿಯರೂ ಅವರೇ. ತೊಗಲನ್ನು ಕೆರೆದು, ಪ್ರಾಣಿಯ ಮಿದುಳನ್ನೇ ಸವರಿ, ಎಳೆದು ತಿಕ್ಕಿ ಹದ ಮಾಡುತ್ತಿದ್ದರು. ನರ ದಾರವಾಯಿತು, ಕೊಂಬು ಚಮಚವಾಯಿತು, ಹೊಟ್ಟೆಯ ಚೀಲ ನೀರು ತುಂಬುವ ಪಾತ್ರೆಯಾಯಿತು. ಹದ ಮಾಡದ ಗಟ್ಟಿ ತೊಗಲನ್ನು ಲಕೋಟೆಯ ಹಾಗೆ ಮಡಚಿ, ಮೇಲೆ ಕೆಂಪು ಹಳದಿ ಹಸಿರಿನ ತ್ರಿಕೋನ ಚೌಕಗಳನ್ನು ಬರೆದು, ಒಣಮಾಂಸ ತುಂಬಿಡುತ್ತಿದ್ದರು. ಕಲೆ, ಅಡುಗೆ, ಸಾಮಾನು ಸರಂಜಾಮು ಎಂಬ ಬೇರೆ ಬೇರೆ ಕಪಾಟುಗಳು ಆ ಬದುಕಿನಲ್ಲಿ ಇರಲಿಲ್ಲ.

ಮಣಿಗೆಲಸದ ಗಾಜಿನ ಪೆಟ್ಟಿಗೆಗಳ ಮುಂದೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಯುರೋಪಿನ ಗಾಜಿನ ಮಣಿ ವ್ಯಾಪಾರಿಗಳ ಕೈಯಲ್ಲಿ ಇಲ್ಲಿಗೆ ಬರುವ ಮುಂಚೆ ಮುಳ್ಳುಹಂದಿಯ ಮುಳ್ಳನ್ನು ನೆನೆಸಿ, ಚಪ್ಪಟೆ ಮಾಡಿ, ಬಣ್ಣ ಅದ್ದಿ ತೊಗಲಿಗೆ ಹೊಲಿಯುತ್ತಿದ್ದರು. ಮಣಿ ಬಂದ ಮೇಲೂ ಆ ಹಳೆಯ ಕೈಯ ಲೆಕ್ಕಾಚಾರ ಉಳಿಯಿತು. ಎಲ್ಕ್ ಹಲ್ಲಿನ ಉಡುಪುಗಳಂತೂ ನೋಡಿಯೇ ತೀರಬೇಕು. ಒಂದು ಎಲ್ಕ್‌ಗೆ ದಂತದಂಥ ಹಲ್ಲು ಇರುವುದು ಎರಡೇ. ಕ್ರೋ ಹೆಂಗಸಿನ ಒಂದು ಉಡುಪಿಗೆ ಅಂಥ ಹಲ್ಲುಗಳನ್ನು ನೂರಾರು ಹೊಲಿಯುತ್ತಿದ್ದರು. ಆ ಮನೆಯ ಗಂಡಸರು ಎಂಥ ಬೇಟೆಗಾರರೆಂದು, ಅವರಿಗೆ ಆ ಹೆಣ್ಣಿನ ಮೇಲೆ ಎಷ್ಟು ಅಕ್ಕರೆಯೆಂದು ಉಡುಪು ನೋಡಿದವರಿಗೆ ತಿಳಿಯುತ್ತಿತ್ತು. ಚಿತ್ರಕಾರ ಪಾಲ್ ಡೈಕ್ ಜೀವನವಿಡೀ ಕೂಡಿಟ್ಟ ಬೈಸನ್ ಕಾಲದ ವಸ್ತುಗಳ ದೊಡ್ಡ ಸಂಗ್ರಹವೂ 2007ರಲ್ಲಿ ಇಲ್ಲಿಗೆ ಬಂತು.

ಬೈಸನ್ ತೊಗಲಿನ ಮೇಲೆ ಗಂಡಸರು ಯುದ್ಧ, ಬೇಟೆ, ಕುದುರೆ ಕದ್ದ ಸಾಹಸಗಳನ್ನು ಬರೆಯುತ್ತಿದ್ದರು. ಲಕೋಟರು ವರ್ಷಕ್ಕೊಂದು ಚಿತ್ರದಂತೆ ಬರೆದಿಟ್ಟ ತೊಗಲುಗಳೇ ಅವರ ಚರಿತ್ರೆಯ ಪುಸ್ತಕ. ತೊಗಲು ಸಿಗದಾದಾಗ ಅದೇ ಕೈಗಳು ಅಂಗಡಿ, ಕಚೇರಿಗಳ ಲೆಕ್ಕದ ಪುಸ್ತಕ ಹಿಡಿದವು. 1875ರಿಂದ 1878ರವರೆಗೆ ಫ್ಲಾರಿಡಾದ ಫೋರ್ಟ್ ಮೇರಿಯನ್ ಕೋಟೆಯಲ್ಲಿ ಸೆರೆಯಿದ್ದ ಕಯೋವಾ, ಶೈಯೆನ್ ಮೊದಲಾದ ಬುಡಕಟ್ಟುಗಳ ಯೋಧರು ಹಾಗೆ ಕಾಗದದ ಮೇಲೆ ಬರೆದ ಚಿತ್ರಗಳು ಹೆಸರಾಗಿವೆ. ಜಮಾ ಖರ್ಚಿನ ಗೆರೆಗಳ ಮೇಲೆ ಕುದುರೆ ಓಡುತ್ತದೆ, ಬೈಸನ್ ಬೀಳುತ್ತದೆ. ಅಮೆರಿಕದ ಪಶ್ಚಿಮದ ಕಲೆ ಎಂದರೆ ನನ್ನ ಮಟ್ಟಿಗೆ ಮೊದಲು ಇದು, ಆಮೇಲೆ ಮಿಕ್ಕಿದ್ದು.

ಬಂದೂಕಿನ ಮ್ಯೂಸಿಯಂನಲ್ಲಿ ಸಾವಿರಾರು ಕೋವಿಗಳಿವೆ. ಬಲ್ಲವರು ದಿನಗಟ್ಟಲೆ ನೋಡುತ್ತಾರಂತೆ. ನಾನು ಹುಡುಕಿದ್ದು ಶಾರ್ಪ್ಸ್ ಕೋವಿಯನ್ನು. ತೊಗಲು ಬೇಟೆಗಾರರು ಮೆಚ್ಚಿದ ಆಯುಧ, ಬಲು ದೂರದಿಂದ ಬೈಸನ್ ಬೀಳಿಸಬಲ್ಲದ್ದು. ಆದರೆ ಕೋವಿಯೊಂದರಿಂದ ಕೋಟಿಗಟ್ಟಲೆ ಪ್ರಾಣಿ ಸಾಯುವುದಿಲ್ಲ. 1871ರ ಸುಮಾರಿಗೆ ಬೈಸನ್ ತೊಗಲನ್ನು ಕಾರ್ಖಾನೆಯ ಮಟ್ಟದಲ್ಲಿ ಗಟ್ಟಿ ಚರ್ಮವಾಗಿ ಹದ ಮಾಡುವ ವಿಧಾನ ಕೈಗೂಡಿತು. ಪೂರ್ವದ ನಗರಗಳ, ಯುರೋಪಿನ ಯಂತ್ರಗಳ ಚಕ್ರ ತಿರುಗಿಸುವ ಪಟ್ಟಿಗಳಿಗೆ ಅಂಥ ಚರ್ಮ ಬೇಕಿತ್ತು, ಬೂಟಿನ ಅಟ್ಟೆಗೂ ಬೇಕಿತ್ತು. ಸಾಗಿಸಲು ರೈಲು ಬಂದಿತ್ತು. ಬೈಸನ್ ಇಲ್ಲವಾದರೆ ಮೂಲನಿವಾಸಿಗಳು ಸೋತು ಸರ್ಕಾರ ಗೊತ್ತುಮಾಡಿದ ಮೀಸಲು ಜಮೀನಿಗೆ ಬರುತ್ತಾರೆಂದು ಸೇನೆಯ ದೊಡ್ಡವರು ಈ ಕೊಲೆಯನ್ನು ಮೆಚ್ಚಿಕೊಂಡೇ ನೋಡಿದರು. ಮೊದಲು ಬಯಲಿನ ದಕ್ಷಿಣದ ಹಿಂಡು ಮುಗಿಯಿತು, 1883ರ ಹೊತ್ತಿಗೆ ಉತ್ತರದ ಹಿಂಡೂ ಮುಗಿಯಿತು. ಆಮೇಲೆ ಬಯಲಿನ ಮೂಳೆಗಳನ್ನೂ ಆಯ್ದು ಗೊಬ್ಬರಕ್ಕೆ, ಸಕ್ಕರೆ ಶುದ್ಧಿಗೆ ಕಳಿಸಿದರು.

ಬಫಲೊ ಬಿಲ್‌ಗೆ ಆ ಹೆಸರು ಬಂದದ್ದು ತೊಗಲಿನಿಂದಲ್ಲ, ಮಾಂಸದಿಂದ. 1867-68ರಲ್ಲಿ ಕಾನ್ಸಾಸ್ ಪೆಸಿಫಿಕ್ ರೈಲುದಾರಿಯ ಕೂಲಿಗಳಿಗೆ ಊಟಕ್ಕೆಂದು ಬೈಸನ್ ಹೊಡೆಯುವ ಕೆಲಸ ಅವನದು. 4,280 ಪ್ರಾಣಿಗಳೆಂದು ತಾನೇ ಲೆಕ್ಕ ಬರೆದುಕೊಂಡಿದ್ದಾನೆ. ಆ ಬೇಟೆಯ ಸ್ಪ್ರಿಂಗ್‌ಫೀಲ್ಡ್ ಕೋವಿಗೆ ಲುಕ್ರೇಶಿಯಾ ಬೋರ್ಜಿಯಾ ಎಂದು ಹೆಸರಿಟ್ಟಿದ್ದ. ಮರದ ಹಿಡಿ ಕಳೆದುಹೋಗಿ ಉಳಿದ ಭಾಗ ಈ ಕೇಂದ್ರದಲ್ಲಿದೆ. 1883ರಲ್ಲಿ ಅವನು ವೈಲ್ಡ್ ವೆಸ್ಟ್ ಎಂಬ ಬಯಲು ಪ್ರದರ್ಶನ ಶುರುಮಾಡಿದ: ಕುದುರೆ ಸವಾರಿ, ಕೋವಿ ಗುರಿ, ಗಾಡಿಯ ಮೇಲೆ ದಾಳಿ, ಜೊತೆಗೆ ಜೀವಂತ ಬೈಸನ್‌ಗಳ ಬೇಟೆಯ ಆಟ. ಹೊರಗೆ ಬೈಸನ್ ಮುಗಿಯುತ್ತ ಬಂದ ವರ್ಷಗಳಲ್ಲೇ ಅವನ ಪ್ರದರ್ಶನದ ಹಿಂಡು ಊರೂರು ಸುತ್ತಿತು. 1885ರಲ್ಲಿ ಗುರಿಕಾರ್ತಿ ಆ್ಯನಿ ಓಕ್ಲಿ ಸೇರಿದಳು. ಲಕೋಟ ನಾಯಕ ಸಿಟಿಂಗ್ ಬುಲ್ ಕೂಡ ಅದೇ ವರ್ಷ ಒಂದು ಹಂಗಾಮು ಬಂದುಹೋದ. 1887ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿ ನೋಡಿದಳು.

ಮೂಲನಿವಾಸಿಗಳು ಈ ಆಟಕ್ಕೆ ಯಾಕೆ ಬಂದರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಂಬಳ ಒಂದು ಕಾರಣ. ಇನ್ನೊಂದು, 1883ರ ಸರ್ಕಾರಿ ನಿಯಮ ಮೀಸಲು ಜಮೀನಿನಲ್ಲಿ ಅವರ ಎಷ್ಟೋ ಕುಣಿತ, ಆಚರಣೆಗಳನ್ನು ಅಪರಾಧವೆಂದಿತ್ತು. ಪ್ರದರ್ಶನದ ಅಂಗಳದಲ್ಲಿ ಕುಣಿಯಬಹುದಿತ್ತು, ಕುದುರೆ ಏರಬಹುದಿತ್ತು. 1890ರ ಡಿಸೆಂಬರಿನಲ್ಲಿ ಸಿಟಿಂಗ್ ಬುಲ್ ಕೊಲೆಯಾದ, ಎರಡು ವಾರದಲ್ಲಿ ಸೇನೆ ಲಕೋಟರನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡ ನಡೆಯಿತು. ಆಗ ಸೆರೆಸಿಕ್ಕ ಲಕೋಟರಲ್ಲಿ ಕೆಲವರನ್ನು 1891ರಲ್ಲಿ ಬಿಡುಗಡೆ ಮಾಡಿ ಈ ಪ್ರದರ್ಶನದ ಜೊತೆ ಯುರೋಪಿಗೆ ಕಳಿಸಿದರು. 1893ರಲ್ಲಿ ಷಿಕಾಗೊ ಮಹಾಮೇಳದ ಬೇಲಿಯಾಚೆ ಬಫಲೊ ಬಿಲ್ ಡೇರೆ ಹಾಕಿದ್ದಾಗಲೇ ಮೇಳದ ಸಭೆಯೊಂದರಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಯುವ ಇತಿಹಾಸಕಾರ, ಫ್ರಾಂಟಿಯರ್ ಮುಗಿಯಿತು, ಅಮೆರಿಕವನ್ನು ರೂಪಿಸಿದ್ದೇ ಅದು ಎಂದು ಪ್ರಬಂಧ ಓದಿದ. ಒಬ್ಬ ಅದು ಮುಗಿಯಿತೆಂದ, ಇನ್ನೊಬ್ಬ ದಿನಕ್ಕೆರಡು ಆಟವಾಗಿ ಅದನ್ನು ತೋರಿಸಿದ. ಇಬ್ಬರ ಕಥೆಯಲ್ಲೂ ಸೀಮೆಯ ಮೂಲನಿವಾಸಿಗಳು ಹಿಂದಕ್ಕೆ ಸರಿಯುವ ಪಾತ್ರಗಳೇ.

ಈ ಮಾತನ್ನು ತಲೆಯಲ್ಲಿಟ್ಟುಕೊಂಡು 1959ರಲ್ಲಿ ತೆರೆದ ವಿಟ್ನಿ ಚಿತ್ರಶಾಲೆಗೆ ಹೋಗಬೇಕು. 1830ರ ದಶಕದಲ್ಲಿ ಬಯಲಿನಲ್ಲಿ ಅಲೆದ ಜಾರ್ಜ್ ಕ್ಯಾಟ್ಲಿನ್, 1837ರಲ್ಲಿ ತುಪ್ಪಳ ವ್ಯಾಪಾರಿಗಳ ಕೂಟಕ್ಕೆ ಹೋಗಿ ಬರೆದ ಆಲ್ಫ್ರೆಡ್ ಜೇಕಬ್ ಮಿಲ್ಲರ್, 1871ರ ಸರ್ವೇ ತಂಡದೊಂದಿಗೆ ಯೆಲ್ಲೊಸ್ಟೋನ್ ಕಂಡ ಥಾಮಸ್ ಮೊರಾನ್ ಎಲ್ಲರೂ ಇಲ್ಲಿದ್ದಾರೆ. ಮೊರಾನ್ ತಂದ ಬಣ್ಣದ ಚಿತ್ರಗಳು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನವರ ಕಣ್ಣಿಗೆ ಬಿದ್ದದ್ದಕ್ಕೂ 1872ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾದದ್ದಕ್ಕೂ ನೇರ ನಂಟಿದೆ. ಚಿತ್ರ ಒಂದು ಕಾಡನ್ನು ಉಳಿಸಿದ ಅಪರೂಪದ ಸಂದರ್ಭ. ಫ್ರೆಡರಿಕ್ ರೆಮಿಂಗ್ಟನ್‌ನ ಸ್ಟುಡಿಯೊವನ್ನು ಅವನ ಜೀನು, ತೊಗಲಂಗಿ, ಆಯುಧಗಳ ಸಮೇತ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಆ ಸ್ಟುಡಿಯೊ ಇದ್ದದ್ದು ನ್ಯೂಯಾರ್ಕಿನ ಪಕ್ಕದಲ್ಲಿ. ಜಗತ್ತು ಕಂಡ ಪಶ್ಚಿಮದ ಎಷ್ಟೋ ದೃಶ್ಯಗಳು ಪೂರ್ವದ ಕೋಣೆಯಲ್ಲಿ ಕೂತು ಬರೆದವು.

ಆಲ್ಬರ್ಟ್ ಬಿಯರ್‌ಸ್ಟಾಟ್‌ನ ‘ದ ಲಾಸ್ಟ್ ಆಫ್ ದ ಬಫಲೊ’ ಚಿತ್ರದ ಎರಡು ರೂಪಗಳಲ್ಲಿ ಚಿಕ್ಕದು ಇಲ್ಲಿದೆ, 1888ರ ಸುಮಾರಿನದು. ಹೊಂಬಿಸಿಲಿನ ಬಯಲು, ದೂರದಲ್ಲಿ ಹಿಮದ ಬೆಟ್ಟ, ನಡುವೆ ಬಿಳಿ ಕುದುರೆಯೇರಿದ ಮೂಲನಿವಾಸಿ ಬೈಸನ್‌ಗೆ ಈಟಿ ಚುಚ್ಚುತ್ತಿದ್ದಾನೆ. ಮುಂದೆ ಸತ್ತ ಪ್ರಾಣಿಗಳು, ತಲೆಬುರುಡೆಗಳು. ಬಣ್ಣದ ಹಿಡಿತ ಅದ್ಭುತ, ಒಪ್ಪುತ್ತೇನೆ. ಆದರೆ ಮೂರು ಕೋಣೆಗಳಾಚೆಯ ಶಾರ್ಪ್ಸ್ ಕೋವಿಯನ್ನು ನೋಡಿ ಬಂದವರಿಗೆ ಈ ಚಿತ್ರ ನೋವು ಕೊಡುತ್ತದೆ. ಇದನ್ನು ಬರೆಯುವ ಹೊತ್ತಿಗೆ ಬೈಸನ್ ತೊಗಲೆಲ್ಲ ರೈಲು ಹತ್ತಿ ಹೋಗಿಯಾಗಿತ್ತು. ಚಿತ್ರದಲ್ಲಿ ರೈಲಿಲ್ಲ, ತೊಗಲು ಬೇಟೆಗಾರನಿಲ್ಲ, ಕಾರ್ಖಾನೆಯಿಲ್ಲ. ಕೊಲ್ಲುವ ಆಯುಧ ಇರುವುದು, ಬೈಸನ್ ಜೊತೆಗೇ ಬದುಕು ಕಳೆದುಕೊಂಡವನ ಕೈಯಲ್ಲಿ. 1889ರ ಪ್ಯಾರಿಸ್ ಮೇಳಕ್ಕೆ ಅಮೆರಿಕದ ಆಯ್ಕೆ ಸಮಿತಿ ಈ ಚಿತ್ರವನ್ನು ಕಳಿಸಲಿಲ್ಲ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಬಫಲೊ ಬಿಲ್ ತನ್ನ ಹಿಂಡಿನೊಂದಿಗೆ ಬೀಡುಬಿಟ್ಟಿದ್ದ; ಫ್ರೆಂಚ್ ಕಲಾವಿದೆ ರೋಸಾ ಬೊನಾರ್ ಆ ಬೀಡಿಗೆ ಹೋಗಿ ಬಿಳಿ ಕುದುರೆಯ ಮೇಲೆ ಕೂತ ಅವನನ್ನು ಬರೆದಳು. ಆ ಚಿತ್ರವೂ ಈ ಶಾಲೆಯಲ್ಲಿದೆ.

ಹೊರಗೆ ಬಂದ ಮೇಲೆ ಹೊತ್ತಿದ್ದರೆ ಊರಾಚೆಯ ಓಲ್ಡ್ ಟ್ರೇಲ್ ಟೌನ್‌ಗೂ ಹೋಗಿ. ಈ ಸೀಮೆಯ ಹಳೆಯ ದಿಮ್ಮಿಮನೆಗಳನ್ನು ಬಿಚ್ಚಿ ತಂದು ಸಾಲಾಗಿ ಜೋಡಿಸಿದ್ದಾರೆ. ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಪಡೆಗೆ ದಾರಿ ತೋರಿದ ಕ್ರೋ ಯುವಕ ಕರ್ಲಿಯ ಮನೆಯೂ ಅಲ್ಲಿದೆ.

ಬೈಸನ್ ಕಥೆ ಮಾತ್ರ ಮ್ಯೂಸಿಯಂನಲ್ಲಿ ಮುಗಿಯುವುದಿಲ್ಲ. ಯೆಲ್ಲೊಸ್ಟೋನ್ ಒಳಗೆ 1902ರಲ್ಲಿ ಎರಡು ಡಜನ್ ಕಾಡು ಬೈಸನ್‌ಗಳಷ್ಟೇ ಇದ್ದವು. ಈಗ ವರ್ಷ ವರ್ಷಕ್ಕೆ ಏರಿಳಿದರೂ ಐದು ಸಾವಿರದ ಆಸುಪಾಸು. ಹಿಮ ಹೆಚ್ಚಾದ ಚಳಿಗಾಲದಲ್ಲಿ ಅವು ಹುಲ್ಲು ಹುಡುಕುತ್ತ ಉದ್ಯಾನದ ಗಡಿ ದಾಟಿ ಮೊಂಟಾನಾಕ್ಕೆ ಇಳಿಯುತ್ತವೆ. ದನಗಳಿಗೆ ಬ್ರುಸೆಲ್ಲೋಸಿಸ್ ರೋಗ ಹರಡೀತೆಂಬ ಭಯದಿಂದ ಎಷ್ಟೋ ಬೈಸನ್‌ಗಳನ್ನು ಹಿಡಿದು ಕಸಾಯಿಖಾನೆಗೆ ಕಳಿಸಿದ್ದಾರೆ. ಈಚಿನ ವರ್ಷಗಳಲ್ಲಿ ಕೆಲವನ್ನು ಬೇರೆಯಾಗಿಟ್ಟು, ರೋಗವಿಲ್ಲವೆಂದು ಖಚಿತಪಡಿಸಿಕೊಂಡು ಬುಡಕಟ್ಟುಗಳಿಗೆ ಒಪ್ಪಿಸುತ್ತಿದ್ದಾರೆ.

ಕೋಡಿಯಿಂದ ದಕ್ಷಿಣಕ್ಕೆ, ಥರ್ಮೊಪೊಲಿಸ್ ದಾಟಿ ಕಮರಿಯ ದಾರಿ ಹಿಡಿದರೆ ವಿಂಡ್ ರಿವರ್ ಮೀಸಲು ಪ್ರದೇಶ. ಪೂರ್ವ ಶೊಶೋನಿ ಮತ್ತು ಉತ್ತರ ಅರಪಾಹೊ ಜನರ ನೆಲ ಅದು. ಶೊಶೋನಿಗಳು 2016ರಲ್ಲಿ 10 ಬೈಸನ್‌ಗಳನ್ನು ಅಲ್ಲಿ ಬಿಟ್ಟರು. ಮರುವರ್ಷ ಹಿಂಡಿನಲ್ಲಿ ಕರು ಹುಟ್ಟಿತು. 2019ರಲ್ಲಿ ಅರಪಾಹೊ ಜನರೂ ತಮ್ಮ ಹಿಂಡು ಶುರುಮಾಡಿದರು. ಹಿಂಡು ದೊಡ್ಡದಾಗುತ್ತಿದೆ, ಮೇಯಲು ಬೇಕಾದ ಜಮೀನನ್ನು ತುಂಡು ತುಂಡಾಗಿ ಮರಳಿ ಕೊಳ್ಳುವ, ಅಡ್ಡಬಂದ ಬೇಲಿ ಕೀಳುವ ಕೆಲಸ ನಡೆದಿದೆ. ನೋಡಹೋಗುವವರು ಬುಡಕಟ್ಟಿನವರ ಅನುಮತಿ ಕೇಳಿಯೇ ಹೋಗಬೇಕು. ಕೋಡಿಗೆ ಎರಡು ದಿನ ಇಟ್ಟುಕೊಂಡವರು ಇದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಿ.